ಒಂದೇ ಒಂದು ಅಸಾಧ್ಯ: ಎಚ್. ಜಿ. ವೆಲ್ಸ್ ಅವರ ವೈಜ್ಞಾನಿಕ ಕಾದಂಬರಿಗಳನ್ನು ಓದುವ ಬಗೆ

ಪ್ರಶ್ನೆ: ನಾನು ವಿಜ್ಞಾನ ಪದವೀಧರ. ಎಚ್. ಜಿ. ವೆಲ್ಸ್ ಅವರ ಕೆಲವು ಕಾದಂಬರಿಗಳನ್ನು ಈಚೆಗೆ ಓದಿದೆ. ಅದೃಶ್ಯನಾದವನಿಗೆ ಕಣ್ಣು ಕಾಣಿಸಲಾರದು, ಮಂಗಳನಲ್ಲಿ ಅಂಥ ಜೀವಿಗಳಿಲ್ಲ, ಗುರುತ್ವಾಕರ್ಷಣೆಯನ್ನು ತಡೆಯುವ ವಸ್ತುವಿಲ್ಲ. ವಿಜ್ಞಾನವೇ ತಪ್ಪಾಗಿರುವ ಪುಸ್ತಕಗಳನ್ನು ವೈಜ್ಞಾನಿಕ ಸಾಹಿತ್ಯದ ಅಡಿಪಾಯ ಎನ್ನುವುದೇಕೆ? ಪರಮಾಣು ಬಾಂಬನ್ನು ಮೊದಲೇ ಊಹಿಸಿದ್ದರಿಂದ ಈ ಹೆಸರು ಬಂತೆ? ಮಾಯವಾಗಿಸುವ ಅಂಜನ, ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಯುಗಗಳೇ ಉರುಳಿದ್ದ ಕಕುದ್ಮಿ ರಾಜನ ಕಥೆ, ಇವೆಲ್ಲ ನಮ್ಮಲ್ಲೂ ಇದ್ದವಲ್ಲ; ವೆಲ್ಸ್ ಹೊಸದಾಗಿ ಮಾಡಿದ್ದಾದರೂ ಏನು?

ಉತ್ತರ: ನಿಮ್ಮ ಮೊದಲನೆಯ ಆಕ್ಷೇಪದಿಂದಲೇ ಆರಂಭಿಸುತ್ತೇನೆ. ಅದು ಸರಿಯಾದ ಆಕ್ಷೇಪ. ಅದರ ಬೆನ್ನುಹತ್ತಿ ಹೋದರೆ ಉಳಿದ ಪ್ರಶ್ನೆಗಳಿಗೂ ದಾರಿ ತೆರೆಯುತ್ತದೆ.

1897ರಲ್ಲಿ ಪ್ರಕಟವಾದ 'ದಿ ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯಲ್ಲಿ ಗ್ರಿಫಿನ್ ತಾನು ಅದೃಶ್ಯನಾದ ಬಗೆಯನ್ನು ಡಾಕ್ಟರ್ ಕೆಂಪ್‌ಗೆ ವಿವರಿಸುವ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡಿ. ಗಾಜಿನ ಹಾಳೆ ಪಾರದರ್ಶಕವಾಗಿರುತ್ತದೆ. ಅದನ್ನು ಕುಟ್ಟಿ ಪುಡಿ ಮಾಡಿದರೆ ಬೆಳ್ಳಗೆ ಎದ್ದು ಕಾಣುತ್ತದೆ, ಏಕೆಂದರೆ ಈಗ ಒಂದೊಂದು ಕಣದ ಮೇಲ್ಮೈಯಲ್ಲೂ ಬೆಳಕು ಬಾಗುತ್ತದೆ, ಪ್ರತಿಫಲಿಸುತ್ತದೆ. ಅದೇ ಪುಡಿಯನ್ನು ನೀರಿಗೆ ಸುರಿದರೆ ಬಹುಮಟ್ಟಿಗೆ ಕಣ್ಮರೆಯಾಗುತ್ತದೆ, ಏಕೆಂದರೆ ಗಾಜು ಮತ್ತು ಗಾಳಿಯ ವಕ್ರೀಭವನ ಸೂಚ್ಯಂಕಗಳ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತವೆ ಎಂಬುದರ ಅಳತೆಗಳ, ನಡುವೆ ಇರುವಷ್ಟು ಅಂತರ ಗಾಜು ಮತ್ತು ನೀರಿನ ನಡುವೆ ಇಲ್ಲ. ಕಾಗದದ ಮೇಲೆ ಎಣ್ಣೆ ಬಿದ್ದ ಜಾಗದಲ್ಲಿ ಬೆಳಕು ತೂರಿ ಬರುವುದೂ ಇದೇ ಕಾರಣಕ್ಕೆ, ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿಕೊಳ್ಳುತ್ತದೆ ಎಂದು ಗ್ರಿಫಿನ್ ಹೇಳುತ್ತಾನೆ. ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಪದವಿ ತರಗತಿಗಳಿಗೆ ದ್ಯುತಿಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಪ್ರಯೋಗಾಲಯದ ಬೊರೊಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ಗ್ಲಿಸರಿನ್ ತುಂಬಿದ ಬೀಕರಿನಲ್ಲಿ ಇಳಿಬಿಡುತ್ತಿದ್ದೆ. ಎರಡರ ಸೂಚ್ಯಂಕವೂ ಸುಮಾರು 1.47. ಮುಳುಗಿದಷ್ಟು ಭಾಗ ಕತ್ತರಿಸಿ ತೆಗೆದಂತೆ ಇಲ್ಲವಾಗುತ್ತಿತ್ತು, ಮೇಲಿನ ತುಂಡು ಮಾತ್ರ ನನ್ನ ಬೆರಳುಗಳ ನಡುವೆ ಉಳಿಯುತ್ತಿತ್ತು. ಆ ಕ್ಷಣದಲ್ಲಿ ತರಗತಿಯಲ್ಲಿ ಮೂಡುತ್ತಿದ್ದ ನಿಶ್ಶಬ್ದವನ್ನು ವೆಲ್ಸ್ ಆ ಅಧ್ಯಾಯದಲ್ಲಿ ಬರಿಯ ಮಾತಿನಿಂದ ಸಾಧಿಸಿದ್ದಾರೆ.

ಕಣ್ಣಿನ ತೊಡಕು ಅವರಿಗೆ ತಿಳಿಯದೆ ಇರಲಿಲ್ಲ. ಗ್ರಿಫಿನ್ ಮೊದಲು ಪ್ರಯೋಗಿಸುವ ಬೆಕ್ಕಿನಲ್ಲಿ ಉಗುರುಗಳೂ ಕಣ್ಣಿನ ಹಿಂಭಾಗದ ಹೊಳೆಯುವ ಪದರವೂ ಕರಗದೆ ಉಳಿಯುತ್ತವೆ. ಅವನ ಸ್ವಂತ ಅಕ್ಷಿಪಟಲದ ಹಿಂದೆಯೂ ಮಂಜಿಗಿಂತ ತೆಳುವಾದ ವರ್ಣಕವೊಂದು ಉಳಿದಿದೆ ಎಂದು ವೆಲ್ಸ್ ಬರೆಯುತ್ತಾರೆ. ಬೆಳಕನ್ನು ಹೀರಿಕೊಳ್ಳದೆ ಕಣ್ಣು ನೋಡಲಾರದು ಎಂಬುದನ್ನು ಬಲ್ಲವರು ಮಾತ್ರ ಆ ಸಾಲನ್ನು ಬರೆಯಬಲ್ಲರು. ಆದರೂ ನಿಮ್ಮ ಮಾತೇ ಗೆಲ್ಲುತ್ತದೆ: ಕಣ್ಣಿನ ಮಸೂರದ ಸೂಚ್ಯಂಕವೂ ಗಾಳಿಯದರಷ್ಟೇ ಆಗಿಬಿಟ್ಟರೆ ಅದು ಬೆಳಕನ್ನು ಬಾಗಿಸಲಾರದು, ಬಿಂಬವೇ ಮೂಡದು, ಗ್ರಿಫಿನ್ ಕುರುಡನಾಗುತ್ತಾನೆ. ಇಲ್ಲಿ ವೆಲ್ಸ್ ಒಂದು ಅಸಾಧ್ಯವನ್ನು ಕಣ್ಣಾರೆ ಕಂಡೂ ದಾಟಿಸಿಕೊಂಡು ಹೋಗಿದ್ದಾರೆ.

ಆದರೆ ದಾಟಿಸಿದ ಮೇಲೆ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ನಮ್ಮ ಕಥೆಗಳಲ್ಲಿ ಅಂಜನ ಹಚ್ಚಿಕೊಂಡವನು ಉಟ್ಟ ಬಟ್ಟೆಯ ಸಮೇತ ಮಾಯವಾಗುತ್ತಾನೆ, ಆ ಬಟ್ಟೆಯ ವಿಷಯವನ್ನು ಯಾರೂ ಕೇಳುವುದಿಲ್ಲ. ವೆಲ್ಸ್ ಕೇಳುತ್ತಾರೆ. ಬಟ್ಟೆ ಕಾಣುತ್ತದೆಯಾದ್ದರಿಂದ ಗ್ರಿಫಿನ್ ಜನವರಿಯ ಲಂಡನ್ನಿನಲ್ಲಿ ಬೆತ್ತಲೆಯಾಗಿ, ಬರಿಗಾಲಿನಲ್ಲಿ ನಡುಗುತ್ತ ಅಲೆಯಬೇಕು. ಹಿಮ ಬಿದ್ದರೆ ಮೈಮೇಲೆ ಕೂತು ಆಕಾರ ಬಿಟ್ಟುಕೊಡುತ್ತದೆ, ಮಳೆ ಬಿದ್ದರೆ ಮೈ ಹೊಳೆಯುತ್ತದೆ, ಊರಿನ ಮಸಿಯೂ ಧೂಳೂ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ತಿಂದ ಅನ್ನ ಜೀರ್ಣವಾಗಿ ದೇಹದಲ್ಲಿ ಬೆರೆಯುವವರೆಗೆ ಹೊರಗೆ ಕಾಣುತ್ತದೆ, ಹಾಗಾಗಿ ನಾಲ್ಕು ಜನರ ಎದುರು ಉಣ್ಣುವಂತಿಲ್ಲ. ನಾಯಿಗಳಿಗೆ ಅವನ ವಾಸನೆ ಸಿಗುತ್ತದೆ. ಬಿಳಿಯ ಮೆಟ್ಟಿಲುಗಳ ಮೇಲೆ ಕೆಸರಿನ ಹೆಜ್ಜೆಗಳು ತಾವಾಗಿಯೇ ಮೂಡುವುದನ್ನು ಕಂಡ ಬೀದಿಯ ಹುಡುಗರು ಆ ಹೆಜ್ಜೆಗಳ ಹಿಂದೆ ಬೀಳುತ್ತಾರೆ. ಯಾರ ಕಣ್ಣಿಗೂ ಬೀಳದವನಾದರೆ ಲೋಕವೇ ತನ್ನದಾಗುತ್ತದೆ ಎಂದುಕೊಂಡವನಿಗೆ ಒಂದು ಹೊತ್ತಿನ ಊಟವೂ ಒಂದು ಜೊತೆ ಬೂಟೂ ದಕ್ಕುವುದಿಲ್ಲ.

ವೆಲ್ಸ್ ಅವರ ಪದ್ಧತಿ ಇದು, ಅವರು ಹೊಸದಾಗಿ ತಂದದ್ದೂ ಇದೇ. ಒಂದೇ ಒಂದು ಅಸಾಧ್ಯವನ್ನು ಓದುಗರಿಂದ ಒಪ್ಪಿಸಿಕೊಳ್ಳುತ್ತಾರೆ. ಆಮೇಲೆ ಮಳೆ, ಹಸಿವು, ದುಡ್ಡು, ನೆರೆಹೊರೆಯ ಅನುಮಾನ, ರೈಲಿನ ವೇಳಾಪಟ್ಟಿ, ಇವೆಲ್ಲ ನಮ್ಮ ಲೋಕದಲ್ಲಿ ಹೇಗಿವೆಯೋ ಹಾಗೆಯೇ ನಡೆಯಬೇಕು. 1933ರಲ್ಲಿ ತಮ್ಮ ವೈಜ್ಞಾನಿಕ ಕಾದಂಬರಿಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಬಿಡಿಸಿ ಹೇಳಿದ್ದಾರೆ: ಹಂದಿಯೊಂದು ಹಾರುತ್ತ ಬೇಲಿ ದಾಟಿ ನಿಮ್ಮತ್ತ ನುಗ್ಗಿದರೆ ನೀವೇನು ಮಾಡುತ್ತೀರಿ ಎಂಬುದು ಸ್ವಾರಸ್ಯದ ಪ್ರಶ್ನೆ, ಬೇಲಿಯೂ ಮನೆಯೂ ಹಾರತೊಡಗಿದರೆ ಆ ಪ್ರಶ್ನೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏನು ಬೇಕಾದರೂ ಆಗಬಹುದಾದ ಕಡೆ ಕುತೂಹಲಕ್ಕೆ ಜಾಗವಿಲ್ಲ ಎಂಬುದು ಅದರ ಸಾರ.

ಕಕುದ್ಮಿಯ ವಿಷಯಕ್ಕೆ ಬರುತ್ತೇನೆ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮನಲ್ಲಿಗೆ ಹೋದ ರಾಜ, ಅಲ್ಲಿ ನಡೆಯುತ್ತಿದ್ದ ಸಂಗೀತ ಮುಗಿಯಲೆಂದು ಸ್ವಲ್ಪ ಹೊತ್ತು ಕಾದು, ಹಿಂದಿರುಗುವಷ್ಟರಲ್ಲಿ ಭೂಲೋಕದಲ್ಲಿ ಅವನ ಕಾಲದವರು ಯಾರೂ ಉಳಿದಿರಲಿಲ್ಲ. ಭಾಗವತದ ಈ ಕಥೆ ನನಗೆ ತುಂಬ ಪ್ರಿಯವಾದದ್ದು, ಕಾಲದ ಅಳತೆ ಎಲ್ಲೆಡೆ ಒಂದೇ ಅಲ್ಲ ಎಂಬ ಅದರ ಅರಿವು ದೊಡ್ಡದು. ಆದರೆ ಕಕುದ್ಮಿ ಕಾಲದಲ್ಲಿ ಪಯಣಿಸಲು ಹೊರಟವನಲ್ಲ. ಅದು ದೇವಲೋಕದ ನಿಯಮದಿಂದ ಅವನ ಪಾಲಿಗೆ ಬಂದದ್ದು. 1895ರ 'ದಿ ಟೈಮ್ ಮಷೀನ್'ನಲ್ಲಿ ಮನುಷ್ಯನೊಬ್ಬ ತನ್ನ ಕಾರ್ಯಾಗಾರದಲ್ಲಿ ಹಿತ್ತಾಳೆ, ದಂತ, ಸ್ಫಟಿಕಗಳಿಂದ ಯಂತ್ರವೊಂದನ್ನು ಕಟ್ಟಿ, ಅದರ ಸನ್ನೆಕೋಲನ್ನು ತನ್ನ ಕೈಯಿಂದಲೇ ತಳ್ಳುತ್ತಾನೆ. ಕಾಲವನ್ನು ನಾಲ್ಕನೆಯ ಆಯಾಮವೆಂದು ಕರೆದು, ಕ್ಷಣಮಾತ್ರವೂ ಇರದ ಘನಾಕೃತಿ ನಿಜಕ್ಕೂ ಇರಬಲ್ಲುದೇ ಎಂದು ಅವನು ಊಟದ ನಂತರ ಗೆಳೆಯರನ್ನು ಕೇಳುವುದು, ಐನ್‌ಸ್ಟೈನ್ ಅವರ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತಕ್ಕಿಂತ 10 ವರ್ಷ ಮೊದಲು.

ಯಂತ್ರ ಕಾಲದಲ್ಲಿ ಮಾತ್ರ ಚಲಿಸುತ್ತದೆ, ಸ್ಥಳದಲ್ಲಿ ಚಲಿಸುವುದಿಲ್ಲ ಎಂಬುದು ಇಲ್ಲಿನ ನಿಯಮ. ಪಯಣಿಗ ಹೊರಟದ್ದು ಪ್ರಯೋಗಾಲಯದ ಆಗ್ನೇಯ ಮೂಲೆಯಿಂದ. ಹಿಂದಿರುಗಿದಾಗ ಯಂತ್ರ ವಾಯವ್ಯದ ಗೋಡೆಯ ಬಳಿ ನಿಂತಿದೆ. ಏಕೆ? ದೂರದ ಭವಿಷ್ಯದಲ್ಲಿ ಮಾರ್ಲಾಕ್ ಎಂಬ ಜೀವಿಗಳು ಅದನ್ನು ಹುಲ್ಲುಹಾಸಿನಿಂದ ಎಳೆದೊಯ್ದು ಬಿಳಿಯ ಸ್ಫಿಂಕ್ಸ್ ವಿಗ್ರಹದ ಪೀಠದೊಳಗೆ ಬಚ್ಚಿಟ್ಟಿದ್ದವು. ಎಳೆದಷ್ಟೇ ದೂರ ಈ ಕೋಣೆಯಲ್ಲೂ ಅದು ಸರಿದಿದೆ. ಈ ಒಂದು ವಿವರಕ್ಕಾಗಿ ನಾನು ವೆಲ್ಸ್ ಅವರಿಗೆ ತಲೆಬಾಗುತ್ತೇನೆ. ಲೆಕ್ಕ ತಪ್ಪಿದ್ದರೂ ಕೇಳುವವರಿರಲಿಲ್ಲ, ಆದರೂ ಅವರು ಕೋಣೆಯ ಅಳತೆ ಹಿಡಿದು ತಾಳೆ ನೋಡಿದ್ದಾರೆ.

ಆ ಕಾದಂಬರಿಯೊಳಗಿನ ವಿಜ್ಞಾನವನ್ನು ಹುಡುಕುವವರು ಯಂತ್ರದ ಬಿಡಿಭಾಗಗಳನ್ನು ಬಿಟ್ಟು ಪಯಣಿಗ ಯೋಚಿಸುವ ಕ್ರಮವನ್ನು ನೋಡಬೇಕು. 802701ನೆಯ ಇಸವಿಗೆ ಬಂದಿಳಿದ ಅವನು ಎಲಾಯ್ ಎಂಬ ಪುಟ್ಟ, ಸುಂದರ, ಸೋಮಾರಿ ಜನರನ್ನು ಕಂಡು, ಮನುಷ್ಯ ಪ್ರಕೃತಿಯನ್ನು ಪೂರ್ತಿ ಗೆದ್ದುದರಿಂದಲೇ ಹೀಗೆ ಮೆತ್ತಗಾಗಿದ್ದಾನೆಂದು ತೀರ್ಮಾನಿಸುತ್ತಾನೆ. ನೆಲದೊಳಗಿನ ಬಾವಿಗಳನ್ನೂ ಅವುಗಳಲ್ಲಿ ವಾಸಿಸುವ ಮಾರ್ಲಾಕ್‌ಗಳನ್ನೂ ಕಂಡಮೇಲೆ ಆ ತೀರ್ಮಾನ ಬಿದ್ದುಹೋಗುತ್ತದೆ. ಮೇಲಿನವರು ಒಡೆಯರ ಸಂತತಿ, ಕೆಳಗಿನವರು ದುಡಿಯುವವರ ಸಂತತಿ ಎಂದು ತಿದ್ದಿಕೊಳ್ಳುತ್ತಾನೆ. ಕೆಳಗಿನವರ ಮೇಜಿನ ಮೇಲಿನ ಮಾಂಸ ಯಾರದೆಂದು ಹೊಳೆದಾಗ ಅದನ್ನೂ ತಿದ್ದಬೇಕಾಗುತ್ತದೆ: ಎಲಾಯ್‌ಗಳು ಈಗ ಯಾರ ಒಡೆಯರೂ ಅಲ್ಲ, ಮೇಯಿಸಿಟ್ಟ ದನಗಳು. ಕಂಡದ್ದಕ್ಕೆ ತಕ್ಕಂತೆ ತನ್ನ ಸಿದ್ಧಾಂತವನ್ನು ಮತ್ತೆ ಮತ್ತೆ ಮುರಿದು ಕಟ್ಟುವ ಈ ಶಿಸ್ತನ್ನು ವೆಲ್ಸ್ ಎಲ್ಲಿ ಕಲಿತರೆಂಬುದು ಗೊತ್ತಿರುವ ವಿಷಯ. 1884ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಸೇರಿದಾಗ, ಮೊದಲ ವರ್ಷ ಅವರಿಗೆ ಜೀವವಿಜ್ಞಾನದ ಪಾಠ ಹೇಳಿದವರು ಡಾರ್ವಿನ್ನರ ವಿಕಾಸವಾದದ ಪ್ರಬಲ ಸಮರ್ಥಕರಾದ ಥಾಮಸ್ ಹೆನ್ರಿ ಹಕ್ಸ್‌ಲಿ. ವೆಲ್ಸ್ ಮುಂದೆ 1890ರಲ್ಲಿ ಪದವಿ ಪಡೆದರು, 1893ರಲ್ಲಿ ಜೀವವಿಜ್ಞಾನದ ಪಠ್ಯಪುಸ್ತಕವನ್ನೇ ಬರೆದರು.

ಬಾವಿಯೊಳಗಿನ ಆ ಲೋಕ ಮಾತ್ರ ಪಾಠದಿಂದ ಬಂದದ್ದಲ್ಲ. ವೆಲ್ಸ್ 1866ರಲ್ಲಿ ಕೆಂಟ್‌ನ ಬ್ರಾಮ್ಲಿಯಲ್ಲಿ ಹುಟ್ಟಿದರು. ತಂದೆಯದು ಸರಿಯಾಗಿ ನಡೆಯದ ಸಣ್ಣ ಅಂಗಡಿ, ಮನೆಯ ಅಡುಗೆಕೋಣೆ ನೆಲಮಾಳಿಗೆಯಲ್ಲಿ. ತಾಯಿ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಶ್ರೀಮಂತರ ಬಂಗಲೆಯಲ್ಲಿ ಮನೆವಾರ್ತೆಯ ಮೇಲ್ವಿಚಾರಕಿಯಾದರು. ಆ ಬಂಗಲೆಯಲ್ಲಿ ಅಡುಗೆಮನೆಗೂ ಮುಖ್ಯ ಕಟ್ಟಡಕ್ಕೂ ನಡುವೆ ನೆಲದಡಿಯ ಸುರಂಗಗಳಿವೆ. ಮೇಲೆ ಅಡ್ಡಾಡುವವರ ಕಣ್ಣಿಗೆ ಬೀಳದಂತೆ ಆಳುಗಳು ಅವುಗಳಲ್ಲಿ ಓಡಾಡಬೇಕಿತ್ತು. ಹದಿಹರೆಯದಲ್ಲಿ ವೆಲ್ಸ್ ಅವರನ್ನು ಸೌತ್‌ಸೀಯ ಜವಳಿ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿಸಿದ್ದರು, ಅದನ್ನು ಅವರು ಸಹಿಸಲಾರದೆ ಬಿಟ್ಟರು. ಮೇಲಿನವರು, ಕೆಳಗಿನವರು ಎಂಬ ಮಾತನ್ನು ಅವರು ಕಾದಂಬರಿಯಲ್ಲಿ ಅಕ್ಷರಶಃ ನೆಲದ ಮೇಲೆ, ನೆಲದ ಕೆಳಗೆ ಎಂದು ಮಾಡಿಬಿಟ್ಟರು, ಅಷ್ಟೇ. ಎಂಟು ಲಕ್ಷ ವರ್ಷಗಳಾಚೆಯದೆಂದು ನಾವು ಓದುವುದು ಅವರ ತಾಯಿ ಸಂಬಳಕ್ಕೆ ದುಡಿದ ಮನೆಯನ್ನು.

ಗುರುತ್ವವನ್ನು ತಡೆಯುವ ವಸ್ತುವಿನ ಬಗ್ಗೆ ನೀವು ಎತ್ತಿದ ಆಕ್ಷೇಪವನ್ನು 1903ರಲ್ಲೇ ಎತ್ತಿದವರು ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್. ನಾನು ನನ್ನ ಜನರನ್ನು ಫಿರಂಗಿಯಿಂದ ಹಾರಿಸಿ ಚಂದ್ರನತ್ತ ಕಳಿಸಿದೆ, ಇವರು ಗುರುತ್ವವೇ ತಟ್ಟದ ಲೋಹವನ್ನು ಕಲ್ಪಿಸುತ್ತಾರೆ, ಎಲ್ಲಿ, ಆ ಲೋಹವನ್ನು ತೋರಿಸಲಿ ಎಂಬರ್ಥದಲ್ಲಿ ಅವರು ಸಂದರ್ಶನವೊಂದರಲ್ಲಿ ಹೇಳಿದರು. ಆದರೆ ವರ್ನ್ ಅವರ ಫಿರಂಗಿಯ ಉದ್ದ 900 ಅಡಿ, ಗುಂಡಿನ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಅಷ್ಟು ಗಿಡ್ಡ ನಳಿಗೆಯೊಳಗೆ ಅಷ್ಟು ವೇಗ ಬರಬೇಕಾದರೆ ಒಳಗಿರುವವರ ಮೇಲೆ ಬೀಳುವ ಒತ್ತಡ ಅವರ ತೂಕದ 20,000 ಪಟ್ಟಿಗೂ ಹೆಚ್ಚು. ನಳಿಗೆ ದಾಟುವ ಮೊದಲೇ ಅವರು ಅಪ್ಪಚ್ಚಿ. ಕಾಗದ ತೆಗೆದು ಲೆಕ್ಕ ಹಾಕಿ ನೋಡಿ, ಎರಡು ಸಾಲಿನ ಕೆಲಸ. ಇಬ್ಬರೂ ಅಸಾಧ್ಯವನ್ನೇ ಬರೆದಿದ್ದಾರೆ, ವೆಲ್ಸ್ ಅದನ್ನು ಮುಚ್ಚಿಡಲು ಹೋಗಲಿಲ್ಲ.

1901ರ 'ದಿ ಫಸ್ಟ್ ಮೆನ್ ಇನ್ ದಿ ಮೂನ್'ನಲ್ಲಿ ಆ ವಸ್ತು ಮೊದಲ ಬಾರಿಗೆ ತಯಾರಾದ ಗಳಿಗೆಯೇ ಅವರ ಲೆಕ್ಕಾಚಾರಕ್ಕೆ ಒಳ್ಳೆಯ ಉದಾಹರಣೆ. ಕೇವರೈಟ್ ಎಂಬ ಆ ವಸ್ತುವಿನ ತಗಡು ತಣ್ಣಗಾಗುತ್ತಿದ್ದಂತೆ ಅದರ ಮೇಲಿರುವ ಗಾಳಿಗೆ ತೂಕವಿಲ್ಲದಾಗುತ್ತದೆ. ಸುತ್ತಲಿನ ಗಾಳಿ ಒತ್ತಿ ನುಗ್ಗಿ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ನುಗ್ಗಿ ಬಂದ ಗಾಳಿಯೂ ತೂಕ ಕಳೆದುಕೊಂಡು ಚಿಮ್ಮುತ್ತದೆ. ಸುಂಟರಗಾಳಿಯೆದ್ದು ವಿಜ್ಞಾನಿ ಕೇವರ್‌ನ ಮನೆಯೇ ಧ್ವಂಸವಾಗುತ್ತದೆ. ಪುಣ್ಯಕ್ಕೆ ಆ ತಗಡೂ ಗಾಳಿಯ ಜೊತೆ ಹಾರಿಹೋಯಿತು, ಇಲ್ಲದಿದ್ದರೆ ಭೂಮಿಯ ವಾಯುಮಂಡಲವೇ ಬರಿದಾಗುತ್ತಿತ್ತು ಎಂದು ಕೇವರ್ ಆಮೇಲೆ ಲೆಕ್ಕ ಒಪ್ಪಿಸುತ್ತಾನೆ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಚಂದ್ರವಾಸಿಗಳು ತಮ್ಮ ಮರಿಗಳನ್ನು ಜಾಡಿಗಳಲ್ಲಿ ಒತ್ತಿಟ್ಟು, ಕೈ ಮಾತ್ರ ಹೊರಗೆ ಬಿಟ್ಟು, ಯಂತ್ರ ನಡೆಸುವವರನ್ನಾಗಿ ಬೆಳೆಸುವ ದೃಶ್ಯವಿದೆ. ಹೊರಚಾಚಿದ ಆ ಸೊರಗಿದ ಕೈಯನ್ನು ಕಂಡು ಕೇವರ್ ಕಳವಳಗೊಳ್ಳುತ್ತಾನೆ. ಆದರೂ, ಮಕ್ಕಳನ್ನು ಮನುಷ್ಯರಾಗಿ ಬೆಳೆಯಲು ಬಿಟ್ಟು ಆಮೇಲೆ ಯಂತ್ರಗಳನ್ನಾಗಿ ಮಾಡುವ ಭೂಮಿಯ ಪದ್ಧತಿಗಿಂತ ಇದೇ ಕರುಣೆಯುಳ್ಳದ್ದು ಎಂದು ಅವನಿಗೆ ಹೊಳೆಯುತ್ತದೆ. ನಾನು ಓದಿದ ವೈಜ್ಞಾನಿಕ ಸಾಹಿತ್ಯದಲ್ಲಿ ಇಷ್ಟು ನೋಯಿಸಿದ ಪುಟ ಇನ್ನೊಂದಿಲ್ಲ.

ಮಂಗಳನ ಜೀವಿಗಳ ವಿಷಯದಲ್ಲಿ ವೆಲ್ಸ್ ತಮ್ಮ ಕಾಲದ ಖಗೋಳ ಚರ್ಚೆಯನ್ನೇ ನೆಚ್ಚಿಕೊಂಡಿದ್ದರು. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡಿದ್ದರು, 1895ರಲ್ಲಿ ಅಮೆರಿಕದ ಖಗೋಳಜ್ಞ ಪರ್ಸಿವಲ್ ಲೋವೆಲ್ ಅವು ಒಣಗುತ್ತಿರುವ ಗ್ರಹದ ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದು ವಾದಿಸಿದ್ದರು. ಆ ವಾದ ಮುಂದೆ ನಿಲ್ಲಲಿಲ್ಲ. ಆದರೆ 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಇನ್ನೂ ನಿಂತಿದೆ. ವೋಕಿಂಗ್ ಪಟ್ಟಣದಲ್ಲಿ ವಾಸವಾಗಿದ್ದ ವೆಲ್ಸ್ ಸೈಕಲ್ ಹತ್ತಿ ಸುತ್ತಲಿನ ಊರುಗಳನ್ನು ತಿರುಗಿ, ತಮ್ಮ ಮಂಗಳವಾಸಿಗಳು ಯಾವ ಯಾವ ಜಾಗಗಳನ್ನು ನಾಶ ಮಾಡಬೇಕೆಂದು ಗುರುತು ಮಾಡಿಕೊಂಡರು. ಹಾರ್ಸೆಲ್ ಬಯಲಿನಲ್ಲಿ ಮಂಗಳವಾಸಿಗಳನ್ನು ಹೊತ್ತ ಮೊದಲ ಉರುಳೆ ಬಿದ್ದಾಗ ನೋಡಲು ಜನ ನೆರೆಯುತ್ತಾರೆ. ಮಿಠಾಯಿ ಅಂಗಡಿಯವನೊಬ್ಬ ತನ್ನ ಮಗನ ಕೈಯಲ್ಲಿ ಸೇಬು ಮತ್ತು ಶುಂಠಿಯ ಪಾನೀಯ ತುಂಬಿದ ತಳ್ಳುಗಾಡಿಯನ್ನು ಅಲ್ಲಿಗೆ ಕಳಿಸುತ್ತಾನೆ. ಬೇರೆ ಗ್ರಹದಿಂದ ಬಿದ್ದದ್ದರ ಸುತ್ತ ಜಾತ್ರೆ ಕಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಮಂಗಳವಾಸಿಗಳ ಅಸ್ತ್ರವಾದ ಶಾಖಕಿರಣ ಆ ಬಯಲನ್ನು ಸುಡುವಾಗ ನಮಗೆ ದಿಗಿಲಾಗುವುದು ಆ ತಳ್ಳುಗಾಡಿಯನ್ನು ಮೊದಲೇ ನೋಡಿದ್ದರಿಂದ.

ಮಂಗಳವಾಸಿಗಳು ಸೂಕ್ಷ್ಮಾಣುಗಳಿಂದ ಸಾಯುವ ಮುಕ್ತಾಯ ಆಕಾಶದಿಂದ ಉದುರಿಸಿದ ಪರಿಹಾರ ಎಂದು ಕೆಲವರು ದೂರುತ್ತಾರೆ. ಈ ದೂರನ್ನು ನಾನು ಒಪ್ಪುವುದಿಲ್ಲ. ಕಾದಂಬರಿಯ ಮೊದಲನೆಯ ವಾಕ್ಯವೃಂದದಲ್ಲೇ, ಸೂಕ್ಷ್ಮದರ್ಶಕ ಹಿಡಿದವನು ನೀರಿನ ಹನಿಯೊಳಗೆ ಮಿಜಿಗುಡುವ ಜೀವಿಗಳನ್ನು ನೋಡುವಂತೆ ಅವರು ನಮ್ಮನ್ನು ನೋಡುತ್ತಿದ್ದರು ಎಂಬ ಹೋಲಿಕೆಯಿದೆ. ಆ ಹನಿಯೊಳಗಿನವೇ ಕೊನೆಯಲ್ಲಿ ಅವರನ್ನು ಕೊಲ್ಲುತ್ತವೆ. ನಮ್ಮ ಪೂರ್ವಿಕರು ಯುಗಯುಗಗಳ ಕಾಲ ಸತ್ತು ಸತ್ತು ಗಳಿಸಿಕೊಟ್ಟ ರೋಗನಿರೋಧ ಶಕ್ತಿ ಅವರಿಗಿರಲಿಲ್ಲ ಎಂಬುದು ಹಕ್ಸ್‌ಲಿಯವರ ವಿದ್ಯಾರ್ಥಿಗೆ ತಕ್ಕ ಮಾತು.

ಅದೇ ಮೊದಲ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮಂಗಳವಾಸಿಗಳನ್ನು ಕ್ರೂರಿಗಳೆನ್ನುವ ಮೊದಲು, ಯುರೋಪಿನಿಂದ ಬಂದು ನೆಲೆಸಿದವರು ಟ್ಯಾಸ್ಮೇನಿಯಾದ ಮೂಲನಿವಾಸಿಗಳನ್ನು 50 ವರ್ಷಗಳಲ್ಲಿ ಹೇಗೆ ಅಳಿಸಿಹಾಕಿದರೆಂಬುದನ್ನು ನೆನೆಯಿರಿ ಎಂದು ವೆಲ್ಸ್ ಹೇಳುತ್ತಾರೆ. ಟ್ಯಾಸ್ಮೇನಿಯಾದ ಆ ಜನರ ವಂಶಸ್ಥರು ಇಂದಿಗೂ ಇದ್ದಾರೆ, ಆ ಮಟ್ಟಿಗೆ ಅವರ ಮಾತು ತಪ್ಪು. ಆದರೆ ಸಾಮ್ರಾಜ್ಯದ ತುತ್ತತುದಿಯಲ್ಲಿ ಕೂತ ಓದುಗರಿಗೆ ನೀವು ಮಾಡಿದ್ದನ್ನೇ ನಿಮಗೆ ಮಾಡಿದರೆ ಹೇಗಿರುತ್ತದೆ ಎಂದು ಕೇಳಿದ ಪುಸ್ತಕವಿದು. ಆಳಿಸಿಕೊಂಡ ನಾಡಿನವರಾದ ನಾವು ಇದನ್ನು ಬೇರೆಯೇ ಕಿವಿಯಿಂದ ಕೇಳುತ್ತೇವೆ. ಹಾಗೆ ಕೇಳಿದವರಿಗೆ ಮುಂದಿನದನ್ನೂ ಹೇಳಲೇಬೇಕು. ಮೂರೇ ವರ್ಷಗಳ ನಂತರ, 1901ರ 'ಆ್ಯಂಟಿಸಿಪೇಷನ್ಸ್' ಎಂಬ ಭವಿಷ್ಯಚಿಂತನೆಯ ಪುಸ್ತಕದ ಕೊನೆಯಲ್ಲಿ ಇದೇ ಲೇಖಕರು, ದಕ್ಷತೆಯ ಹೊಸ ಲೋಕಕ್ಕೆ ಹೊಂದಿಕೊಳ್ಳದ ಕಪ್ಪು, ಕಂದು, ಹಳದಿ ಬಣ್ಣದ ಜನಸಮೂಹಗಳು ಇಲ್ಲವಾಗಬೇಕಾಗುತ್ತದೆ ಎಂದು ಬರೆದರು. ಆ ಪುಟ ಓದಿದಾಗ ನನಗಾದ ಸಂಕಟವನ್ನು ಮರೆಮಾಚಿ ಅವರನ್ನು ನಿಮಗೆ ಶಿಫಾರಸು ಮಾಡಲಾರೆ. ಮುಂದೆ ಅವರು ಬದಲಾದರು: 1920ರ ವಿಶ್ವ ಇತಿಹಾಸದಲ್ಲಿ ಅಶೋಕನನ್ನು ಜಗತ್ತಿನ ಅರಸರ ನಡುವೆ ಬಹುತೇಕ ಒಂಟಿಯಾಗಿ ಹೊಳೆಯುವ ನಕ್ಷತ್ರವೆಂದರು, 1940ರಲ್ಲಿ ಎಲ್ಲ ಮನುಷ್ಯರಿಗೂ ಅನ್ವಯಿಸುವ ಹಕ್ಕುಗಳ ಘೋಷಣೆಗಾಗಿ ಪುಸ್ತಕ ಬರೆದು ವಾದಿಸಿದರು. ಆದರೂ ಅವರ ಕಾದಂಬರಿಗಳು ಅವರ ಸಿದ್ಧಾಂತಗಳಿಗಿಂತ ಹೆಚ್ಚು ವಿವೇಕಿಗಳೆಂದೇ ನನ್ನ ಅಭಿಪ್ರಾಯ. ಕಥೆ ಬರೆಯುವಾಗ ಅವರು ಸಾಯುವವನ ಪಕ್ಕದಲ್ಲಿ ನಿಲ್ಲಬೇಕಿತ್ತು. ಯೋಜನೆ ಬರೆಯುವಾಗ ಹಾಗಿರಲಿಲ್ಲ.

ಇನ್ನು ಪರಮಾಣು ಬಾಂಬು. 'ಪರಮಾಣು ಬಾಂಬ್' ಎಂಬ ಹೆಸರನ್ನೇ ಬಳಸಿ 1914ರ 'ದಿ ವರ್ಲ್ಡ್ ಸೆಟ್ ಫ್ರೀ'ಯಲ್ಲಿ ಅವರು ಬರೆದದ್ದು ನಿಜ. ರೇಡಿಯಂ ಕುರಿತ, ರಸಾಯನವಿಜ್ಞಾನಿ ಫ್ರೆಡರಿಕ್ ಸಾಡಿಯವರ ಪುಸ್ತಕ ಅದಕ್ಕೆ ಪ್ರೇರಣೆ, ಅದನ್ನು ವೆಲ್ಸ್ ಅರ್ಪಣೆಯಲ್ಲೇ ಹೇಳಿದ್ದಾರೆ. ಆದರೆ ಅವರ ಬಾಂಬು ಒಮ್ಮೆಲೇ ಸಿಡಿದು ಮುಗಿಯುವುದಿಲ್ಲ. ವಿಮಾನದಿಂದ ಕೈಯಾರೆ ಎತ್ತಿ ಹಾಕಿದ ಮೇಲೆ ದಿನಗಟ್ಟಲೆ, ವಾರಗಟ್ಟಲೆ ಸಿಡಿಯುತ್ತಲೇ ಇರುತ್ತದೆ. ಭೌತಶಾಸ್ತ್ರಜ್ಞ ಲಿಯೊ ಸಿಲಾರ್ಡ್ ಈ ಕಾದಂಬರಿಯನ್ನು 1932ರಲ್ಲಿ ಓದಿದರು. ಮರುವರ್ಷ ಲಂಡನ್ನಿನ ಸೌತಾಂಪ್ಟನ್ ರೋ ಎಂಬಲ್ಲಿ ರಸ್ತೆ ದಾಟುವಾಗ ಅವರಿಗೆ ನ್ಯೂಟ್ರಾನ್‌ಗಳ ಸರಪಳಿ ಕ್ರಿಯೆಯ, ಅಂದರೆ ಪರಮಾಣುವಿಗೆ ತಾಗಿದ ಒಂದು ನ್ಯೂಟ್ರಾನ್ ಇನ್ನಷ್ಟನ್ನು ಹೊರಡಿಸಿ ಕ್ರಿಯೆ ತಾನಾಗಿ ಬೆಳೆಯುತ್ತ ಹೋಗುವ, ವಿಚಾರ ಹೊಳೆಯಿತು. ಅದರ ಪೇಟೆಂಟನ್ನು ಅವರು ಗುಟ್ಟಾಗಿರಲೆಂದು ಬ್ರಿಟಿಷ್ ನೌಕಾಖಾತೆಗೆ ಒಪ್ಪಿಸಿದ್ದು, ಇದರಿಂದ ಏನಾಗಬಹುದೆಂದು ವೆಲ್ಸ್ ಅವರನ್ನು ಓದಿ ತಿಳಿದಿದ್ದರಿಂದ. ಭವಿಷ್ಯ ನುಡಿದದ್ದಕ್ಕಿಂತ ಇದು ದೊಡ್ಡದೆಂದು ನನಗೆ ತೋರುತ್ತದೆ: ಕೈಗೆ ಬಂದ ಆವಿಷ್ಕಾರಕ್ಕೆ ಹೆದರಬೇಕೆಂಬುದು ಒಬ್ಬ ವಿಜ್ಞಾನಿಗೆ ಒಂದು ಕಾದಂಬರಿಯಿಂದ ಮೊದಲೇ ಗೊತ್ತಿತ್ತು. ನುಡಿದ ಭವಿಷ್ಯಗಳನ್ನೇ ಎಣಿಸುವುದಾದರೆ ತಪ್ಪಿದವೂ ಸಾಕಷ್ಟಿವೆ. ಜಲಾಂತರ್ಗಾಮಿಯು ಒಳಗಿರುವವರನ್ನು ಉಸಿರುಗಟ್ಟಿಸಿ ಮುಳುಗುವುದನ್ನು ಬಿಟ್ಟು ಬೇರೇನನ್ನಾದರೂ ಮಾಡೀತೆಂದು ಊಹಿಸಲು ತಮ್ಮ ಕಲ್ಪನೆ ಒಪ್ಪುವುದಿಲ್ಲವೆಂದು ಅವರು 1901ರಲ್ಲಿ ಬರೆದಿದ್ದರು. ಮೊದಲನೆಯ ಮಹಾಯುದ್ಧ ಅದನ್ನು ಸುಳ್ಳು ಮಾಡಿತು.

ಇನ್ನಷ್ಟು ಓದಬೇಕೆಂದಿದ್ದರೆ 1895ರಿಂದ 1901ರವರೆಗಿನ ಕಾದಂಬರಿಗಳಿಗೆ ಮೊದಲ ಸ್ಥಾನ ಕೊಡಿ. ಅವುಗಳಲ್ಲಿ 1896ರ 'ದಿ ಐಲೆಂಡ್ ಆಫ್ ಡಾಕ್ಟರ್ ಮೊರೊ' ಓದದೆ ಉಳಿದಿದ್ದರೆ ಹಗಲಿನಲ್ಲಿ ಓದಿ. ಶಸ್ತ್ರಚಿಕಿತ್ಸೆಯಿಂದ ಮನುಷ್ಯರಂತಾಗಿಸಿದ ಪ್ರಾಣಿಗಳು ನಾವು ಮನುಷ್ಯರಲ್ಲವೇ ಎಂದು ಸೇರಿ ಪಠಿಸುವ ದನಿ ಬೇಗ ಬಿಟ್ಟುಹೋಗುವುದಿಲ್ಲ. ನಂತರದ ಕಾದಂಬರಿಗಳಲ್ಲಿ ಉಪದೇಶ ಹೆಚ್ಚುತ್ತ ಹೋಗಿ ಜನ ಮರೆಯಾಗುತ್ತಾರೆ. ಆದರೆ 1904ರ 'ದಿ ಕಂಟ್ರಿ ಆಫ್ ದಿ ಬ್ಲೈಂಡ್' ಎಂಬ ಸಣ್ಣಕಥೆಯನ್ನು ಮಾತ್ರ ಬಿಡಬೇಡಿ. ತಲೆಮಾರುಗಳಿಂದ ಎಲ್ಲರೂ ಕುರುಡರಾಗಿರುವ ಆಂಡೀಸ್ ಕಣಿವೆಯೊಂದಕ್ಕೆ ಕಣ್ಣಿರುವ ನೂನೆಸ್ ಜಾರಿ ಬೀಳುತ್ತಾನೆ. ಇಲ್ಲಿ ತಾನೇ ರಾಜನೆಂದುಕೊಂಡವನ ಮಾತುಗಳು ಅವರಿಗೆ ಹುಚ್ಚನ ಬಡಬಡಿಕೆಯಂತೆ ಕೇಳಿಸುತ್ತವೆ. ಅವನ ಮುಖದ ಮೇಲೆ ಅಲುಗಾಡುವ ಆ ಎರಡು ಗಂಟುಗಳೇ ರೋಗದ ಮೂಲವೆಂದು ವೈದ್ಯರು ಅವನ್ನು ತೆಗೆಯಲು ನಿರ್ಧರಿಸುತ್ತಾರೆ. 1904ರ ಆವೃತ್ತಿಯಲ್ಲಿ ಅವನು ಬೆಟ್ಟ ಹತ್ತಿ ಹೋಗಿ ನಕ್ಷತ್ರಗಳ ಕೆಳಗೆ ಮಲಗುತ್ತಾನೆ. 35 ವರ್ಷಗಳ ಬಳಿಕ, 1939ರಲ್ಲಿ, ವೆಲ್ಸ್ ಈ ಮುಕ್ತಾಯವನ್ನು ತಿದ್ದಿದರು: ಅಲ್ಲಿ ನೂನೆಸ್‌ಗೆ ಬೆಟ್ಟದ ಮೈಯಲ್ಲಿ ಬಿರುಕು ಕಾಣಿಸುತ್ತದೆ, ಅವನು ಓಡಿಬಂದು ಎಚ್ಚರಿಸುತ್ತಾನೆ, ಬಿರುಕು ಎಂದರೇನು, ಕಾಣುವುದು ಎಂದರೇನು ಎಂದು ಅವರು ಅವನನ್ನೇ ಬೈದು ಅಟ್ಟುತ್ತಾರೆ, ಬೆಟ್ಟ ಕುಸಿಯುತ್ತದೆ. ಎರಡು ಆವೃತ್ತಿಗಳನ್ನೂ ಒಂದೇ ದಿನ ಓದಿ, ಯಾವುದು ನಿಮಗೆ ಸರಿಯೆನಿಸಿತೆಂದು ಬರೆದು ತಿಳಿಸಿ. ನನಗೆ ಮೊದಲನೆಯದೇ ಹೆಚ್ಚು ಇಷ್ಟ, ಆದರೆ ಮಹಾಯುದ್ಧ ಮರಳಿ ಬಂದ ವರ್ಷದಲ್ಲಿ ಎರಡನೆಯದನ್ನು ಬರೆಯದೆ ಇರಲು ಅವರಿಗೆ ಸಾಧ್ಯವಾಗುತ್ತಿರಲಿಲ್ಲ ಎನಿಸುತ್ತದೆ.